ಮೂರನೆಯ ಪ್ಲಗ್

ಹಲ್ಲುಜ್ಜುತ್ತ ನಿಂತಿದ್ದವನಿಗೆ ನಲ್ಲಿ ತೊಟ್ಟಿಕ್ಕುವುದರಲ್ಲಿ ಒಂದು ತೊಟ್ಟು ತಪ್ಪಿದ್ದು ಕೇಳಿಸಿತು. ಒಂದು, ಎರಡು, ಮೂರು. ಒಂದು, ಎರಡು, ಮೂರು. ಒಂದು, ಎರಡು, ಆಮೇಲೆ ಏನೂ ಇಲ್ಲ. ಬ್ರಷ್ಷನ್ನು ದವಡೆಗೆ ಒತ್ತಿಕೊಂಡು ಕಾದ. ಮತ್ತೆ ಒಂದು, ಎರಡು, ಮೂರು, ನಡುವೆ ಏನೂ ಆಗಿಲ್ಲವೆಂಬಂತೆ. ಈಚೆಗೆ ಎಲ್ಲದರಲ್ಲೂ ಹೀಗೇ. ಫ್ಯಾನು ತಿರುಗುವಾಗ, ಹೆಂಡತಿ ಹೊಲಿಗೆ ಯಂತ್ರ ತುಳಿಯುವಾಗ, ಯಾರೋ ಮೆಟ್ಟಿಲು ಹತ್ತಿ ಬರುವಾಗ, ಎಲ್ಲೋ ಒಂದು ಬಡಿತ ಬಿಟ್ಟುಹೋಗುತ್ತಿತ್ತು. ಹೇಳಿಕೊಂಡರೆ ಹೆಂಡತಿ ದಾರವನ್ನು ಹಲ್ಲಿನಲ್ಲಿ ಕಡಿದು, ನಿಮಗೆ ಮೋಟಾರು ತಲೆಗೇರಿದೆ ಎಂದಿದ್ದಳು. ತಲೆಗೇರಿದ್ದರೆ ಅಷ್ಟು ಚಿಂತೆಯಿರಲಿಲ್ಲ, ಅದು ಕಿವಿಗೇರಿತ್ತು. ಕಿವಿಯೇ ಅವನ ಅನ್ನ. ಆ ಸುತ್ತಿನಲ್ಲಿ ಗಾಡಿ ಇಟ್ಟುಕೊಂಡವರೆಲ್ಲ ಅವನನ್ನು ಕಿವಿ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಬಾನೆಟ್ ಎತ್ತುವ ಮೊದಲೇ, ಉದ್ದನೆಯ ಸ್ಕ್ರೂ ಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿಕೊಂಡು ತುದಿಯನ್ನು ಇಂಜಿನ್ನಿಗೆ ತಾಗಿಸುವ ಮೊದಲೇ, ಬರುವ ಸದ್ದಿನಲ್ಲೇ ಕಾಯಿಲೆ ಹೇಳುತ್ತಾನೆಂದು ಹೆಸರು. ನಿಜ ಹೇಳಬೇಕೆಂದರೆ ಆ ಹೆಸರು ಅವನದಲ್ಲ, ಅಣ್ಣನದು. ಅಣ್ಣ ಗ್ಯಾರೇಜಿಗೆ ಬರುವುದನ್ನು ಬಿಟ್ಟ ಮೇಲೆ, ಗೂಟಕ್ಕೆ ತೂಗುಹಾಕಿದ್ದ ಅಂಗಿಯ ಹಾಗೆ ಅದು ಅವನ ಮೈಮೇಲೆ ಬಂದಿತ್ತು. ಯಾರನ್ನೂ ಕೇಳದೆ ತೊಟ್ಟುಕೊಂಡಿದ್ದ. ಭುಜದ ಹತ್ತಿರ ಸಡಿಲ ಅನ್ನುವುದು ಅವನಿಗೆ ಮಾತ್ರ ಗೊತ್ತಿತ್ತು.

ಅತ್ತಿಗೆ ಹತ್ತು ಗಂಟೆಗೆ ಬಂದಳು. ಗಾಡಿ ತಿರುವಿನಲ್ಲಿರುವಾಗಲೇ ಅವನಿಗೆ ತಿಳಿಯಿತು. ಮೂರು ಸಿಲಿಂಡರಿನ ಆ ಹಳೆಯ ಪುಟ್ಟ ಗಾಡಿಗೆ ಹುಟ್ಟಿನಿಂದಲೇ ಗೊಣಗುವ ದನಿ. ಇವತ್ತು ಗೊಣಗು ಸರಿಯಾಗಿಯೇ ಇತ್ತು, ಒಂದು ಬಡಿತವೂ ಬಿಟ್ಟಿರಲಿಲ್ಲ. ತಗಡಿನ ಸೂರಿನ ಕೆಳಗೆ, ಎಣ್ಣೆ ಕುಡಿದು ಕಪ್ಪಾದ ನೆಲದ ಮೇಲೆ ಅದನ್ನು ನಿಲ್ಲಿಸಿ ಅವಳು ಇಳಿದಳು. ಬೆಳಿಗ್ಗೆ ಮತ್ತೆ ಮಿಸ್ಸಿಂಗ್ ಬಂತು ಎಂದಳು. ಓಡುತ್ತಿರುವ ಇಂಜಿನ್ನಿನಲ್ಲಿ ಒಂದು ಸಿಲಿಂಡರು ಆಗಾಗ ಉರಿಯದೆ ಬಿಟ್ಟುಹೋಗುವುದಕ್ಕೆ ಗ್ಯಾರೇಜಿನ ಮಾತು ಅದು. ಮೂವತ್ತು ವರ್ಷ ಮೆಕ್ಯಾನಿಕ್ಕನ ಹೆಂಡತಿಯಾಗಿ ಅವಳ ಬಾಯಿಗೂ ಅದೇ ಬರುತ್ತಿತ್ತು. ಈ ಒಂದು ವರ್ಷದಲ್ಲಿ ಇದು ನಾಲ್ಕನೆಯ ಸಲ. ಮೊದಲ ಸಲ ಕಾರ್ಬುರೇಟರ್ ಬಿಚ್ಚಿ ತೊಳೆದಿದ್ದ. ಎರಡನೆಯ ಸಲ ಪೆಟ್ರೋಲ್ ಫಿಲ್ಟರ್ ಬದಲಾಯಿಸಿದ್ದ. ಮೂರನೆಯ ಸಲ ಕಾಯಿಲ್ ಹೊಸದು ಹಾಕಿ, ಎರಡು ದಿನ ಗಾಡಿಯನ್ನು ಇಲ್ಲೇ ಇಟ್ಟುಕೊಂಡು, ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಕಿವಿಗೊಟ್ಟಿದ್ದ. ಅವನ ಎದುರು ಅದು ಒಮ್ಮೆಯೂ ತಪ್ಪಿರಲಿಲ್ಲ. ಮನೆಯಲ್ಲಿ ರಂಪ ಮಾಡಿದ ಮಗು ಮೇಷ್ಟರ ಮುಂದೆ ಕೈಕಟ್ಟಿ ನಿಂತ ಹಾಗೆ ನಿಂತಿರುತ್ತಿತ್ತು. ಬೆಳಿಗ್ಗೆ ಏಳಕ್ಕೆ ಮನೆಗೇ ಬಂದು ನೋಡಬಾರದಾ ಎಂದು ಅತ್ತಿಗೆ ಪ್ರತಿ ಸಲವೂ ಕೇಳುತ್ತಿದ್ದಳು. ಕೆಲಸ ಇದೆ ಎಂದು ಅವನು ಪ್ರತಿ ಸಲವೂ ಹೇಳುತ್ತಿದ್ದ. ಮನೆಯೆಂದರೆ ಅಣ್ಣ ಇರುವ ಮನೆ. ಒಂದು ವರ್ಷದಿಂದ ಅವನು ಆ ಬೀದಿಗೆ ಕಾಲಿಟ್ಟಿರಲಿಲ್ಲ.

ಇವತ್ತು ಅವಳು ಕರೆಯಲಿಲ್ಲ. ಬೀಗದ ಕೈಯನ್ನು ಬಾನೆಟ್ ಮೇಲಿಟ್ಟು, ಸೆರಗಿನ ತುದಿಯಿಂದ ಕೈ ಒರೆಸಿಕೊಂಡು, "ಇದೇ ಕೊನೆ ಕಣಪ್ಪ" ಎಂದಳು. "ಇವತ್ತೂ ಸಿಗಲಿಲ್ಲ ಅಂದ್ರೆ ನಾಳೆ ಗುಜರಿಯವನಿಗೆ ಕೊಟ್ಟುಬಿಡು ಅಂದಿದ್ದಾರೆ ನಿಮ್ಮಣ್ಣ."

"ಯಾವುದರಲ್ಲಿ ಬಿಡ್ತಿದೆ ಅಂತ ಅಣ್ಣ ಏನಾದ್ರೂ ಹೇಳಿದ್ನಾ?"

"ನಾನು ಕೇಳಿದೆ. ನನಗೆ ಕಿವಿ ಕೇಳಿಸಲ್ಲ, ಕೇಳಿಸೋನ ಹತ್ರ ತಗೊಂಡು ಹೋಗು ಅಂದ್ರು."

ಅವಳು ಅದನ್ನು ಚುಚ್ಚಿ ಹೇಳಲಿಲ್ಲ. ಅಂಗಡಿಯ ಚೀಟಿ ಓದಿದ ಹಾಗೆ ಹೇಳಿದಳು. ಅದಕ್ಕೇ ಅದು ನೇರವಾಗಿ ಹೋಗಿ ನಾಟಿತು. ಅವಳ ಮುಖ ನೋಡಲಾರದೆ ಅವನು ಗಾಡಿಯ ಮೂತಿ ನೋಡಿದ. ಮಾಸಿದ ನೀಲಿ ಬಣ್ಣ, ಮುಂದಿನ ಜಾಲರಿಯ ಮೇಲೆ ಒಣಗಿದ ಮಣ್ಣಿನ ಚುಕ್ಕೆಗಳು. ಗುಜರಿಗೆ ಹೋದರೆ ಇದು ಹೋಗುತ್ತದೆ, ಅಷ್ಟೇ ಅಲ್ಲ. ಆ ಮನೆಯಿಂದ ಈ ಗ್ಯಾರೇಜಿಗೆ ಬರುವುದು ಈಗ ಇದೊಂದೇ. ಇದೂ ನಿಂತರೆ ಅಣ್ಣನಿಗೂ ತನಗೂ ನಡುವೆ ಬರುವಂಥದ್ದು, ಹೋಗುವಂಥದ್ದು ಏನೂ ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. ಸಂಜೆ ಬರುತ್ತೇನೆಂದು ಅತ್ತಿಗೆ ನಡೆದುಕೊಂಡೇ ಹೋದಳು. ಅವಳ ಚಪ್ಪಲಿಯ ಸದ್ದನ್ನು ಅವನು ತಿರುವಿನ ತನಕ ಎಣಿಸಿದ. ಅದರಲ್ಲೂ ಒಂದು ಹೆಜ್ಜೆ ತಪ್ಪಿತು, ಅಥವಾ ಅವಳು ಕಲ್ಲು ದಾಟಿದಳೋ ಏನೋ.

ಗಾಡಿಯನ್ನು ಬೀದಿಗೆ ಇಳಿಸಿದ. ಮೊದಲು ಕೇಳು, ಆಮೇಲೆ ಮುಟ್ಟು ಎನ್ನುವುದು ಅಣ್ಣನ ಕಟ್ಟಳೆ. ಗಾಡಿ ಬಂದ ಕೂಡಲೆ ಸ್ಪ್ಯಾನರ್ ಎತ್ತಿದರೆ ಅಣ್ಣ ಮಣಿಕಟ್ಟಿನ ಮೇಲೆ ಹೊಡೆಯುತ್ತಿದ್ದ. ಪಕ್ಕದಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿಸಿ, ಏನು ಕೇಳಿಸಿತು ಹೇಳು ಎನ್ನುತ್ತಿದ್ದ. ಹದಿನಾರನೆಯ ವಯಸ್ಸಿನಲ್ಲಿ ಅವನಿಗೆ ಇಂಜಿನ್ನು ಬಿಟ್ಟು ಉಳಿದದ್ದೆಲ್ಲ ಕೇಳಿಸುತ್ತಿತ್ತು, ಎದುರಿನ ಬಸ್ಸು, ಸೈಕಲ್ ಬೆಲ್ಲು, ಹುಡುಗಿಯರ ನಗು. ಅಣ್ಣ ಕಿಟಕಿ ಏರಿಸಿ, "ಈಗ?" ಎನ್ನುವನು. ಈಗ ಅವನೇ ಕಿಟಕಿ ಏರಿಸಿದ. ಬಿಸಿಲು ಗಾಜಿನ ಮೇಲೆ ಕೂತು ಬಂತು. ಶಾಲೆಯ ಗೋಡೆ ದಾಟಿತು, ಬಟ್ಟೆ ಅಂಗಡಿ ದಾಟಿತು, ಬಾಗಿಲಲ್ಲಿ ಕೂದಲು ಒಣಗಿಸುತ್ತಿದ್ದ ಹೆಂಗಸು ತಲೆ ಎತ್ತಿದವಳು ಹಾಗೆಯೇ ದಾಟಿಹೋದಳು. ಇಂಜಿನ್ನು ಕೆಳಗೆ ಸಮನಾಗಿ ಗೊಣಗುತ್ತಿತ್ತು. ಸೇತುವೆಯ ಏರಿನಲ್ಲಿ ಬೇಕೆಂದೇ ಗೇರು ಬದಲಾಯಿಸದೆ ಎಳೆಸಿದ. ತಪ್ಪು, ತಪ್ಪು, ಒಂದು ಸಲ ತಪ್ಪು ಎಂದು ಗಾಡಿಯನ್ನು ಒಳಗೊಳಗೇ ಗೋಗರೆದ. ಜನ ಗಾಡಿ ಸರಿಹೋಗಲಿ ಎಂದು ಕೇಳಿಕೊಳ್ಳುತ್ತಾರೆ, ತಾನು ಅದು ಕೆಡಲಿ ಎಂದು ಕೇಳಿಕೊಳ್ಳುತ್ತಿದ್ದೇನೆ ಎನ್ನಿಸಿ ನಗುವೂ ಬಂತು. ಗಾಡಿ ಕೆಡಲಿಲ್ಲ. ಹಿಂದಿನ ಸೀಟಿನಲ್ಲಿ ಅಣ್ಣ ಕೂತಿದ್ದಾನೆ, ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಾನೆ ಎಂಬ ಭ್ರಮೆ ಎಷ್ಟು ಗಟ್ಟಿಯಾಗಿತ್ತೆಂದರೆ, ಕನ್ನಡಿಯನ್ನು ಓರೆ ಮಾಡಿ ನೋಡಿದ. ಸೀಟಿನ ಮೇಲೆ ಒಂದು ಹಸಿ ಗೋಣಿಚೀಲ ಬಿದ್ದಿತ್ತು.

ಗ್ಯಾರೇಜಿಗೆ ಮರಳಿ ಬಾನೆಟ್ ಎತ್ತಿದ. ಸಿಲಿಂಡರಿಗೆ ಒಂದರಂತೆ, ಕಿಡಿ ಹಾರಿಸುವ ಪ್ಲಗ್ಗುಗಳು ಮೂರು. ಮೊದಲನೆಯದು ಕೈಗೆ ಸಿಗುವಂತಿತ್ತು, ಎರಡನೆಯದೂ ಸಿಗುವಂತಿತ್ತು. ಮೂರನೆಯದು ಮೂಲೆಯಲ್ಲಿ, ಕೈಯನ್ನು ಸೊಟ್ಟ ಮಾಡಿ ತೂರಿಸಿದರೆ ಮಾತ್ರ ಎಟಕುವಂಥದ್ದು. ಹಿಂದಿನ ಮೂರು ಸಲವೂ ಮೊದಲಿನ ಎರಡನ್ನು ಬಿಚ್ಚಿ ನೋಡಿದ್ದ, ಎರಡೂ ಚೆನ್ನಾಗಿದ್ದ ಮೇಲೆ ಅದೂ ಚೆನ್ನಾಗಿಯೇ ಇರುತ್ತದೆ ಎಂದು ಕೈ ಹಿಂದಕ್ಕೆ ತೆಗೆದಿದ್ದ. ನನ್ನ ಕೈಯಾರೆ ಹಾಕಿದ ಹೊಸ ಪ್ಲಗ್ಗಲ್ಲವೇ ಎಂದು ಸಮಾಧಾನ ಹೇಳಿಕೊಂಡಿದ್ದ. ಬೇರೆ ಯಾರದೇ ಗಾಡಿಯಾಗಿದ್ದರೆ ಮೂರನ್ನೂ ಬಿಚ್ಚದೆ ಬಿಡುತ್ತಿರಲಿಲ್ಲ. ಈಗಲೂ ಕೈ ಎರಡನೆಯದರ ಮೇಲೇ ನಿಂತಿತು. ತನ್ನ ಕೈಯನ್ನು ತಾನೇ ನೋಡುತ್ತ ನಿಂತ. ಉಗುರಿನ ಸಂದಿಯಲ್ಲಿ ಕಪ್ಪು, ಹೆಬ್ಬೆರಳಿನ ಮೇಲೆ ಹಳೆಯ ಸುಟ್ಟ ಕಲೆ. ಈ ಕೈಗೆ ಏನೋ ಗೊತ್ತಿದೆ, ನನಗೆ ಹೇಳುತ್ತಿಲ್ಲ ಎನ್ನಿಸಿತು.

ವರ್ಷದ ಹಿಂದೆ ಆವತ್ತೂ ಹೀಗೇ ಬೆಳಿಗ್ಗೆಯ ಹೊತ್ತು. ಅಣ್ಣನ ಇದೇ ಗಾಡಿಗೆ ಹೊಸ ಪ್ಲಗ್ ಹಾಕುತ್ತಿದ್ದ. ಗಿರಾಕಿಯೊಬ್ಬ ಪಕ್ಕದಲ್ಲಿ ನಿಂತು, ಈಗೀಗ ನೀನೇ ಅಣ್ಣನನ್ನು ಮೀರಿಸಿಬಿಟ್ಟೆ ಎಂದು ಬೆಣ್ಣೆ ಹಚ್ಚುತ್ತಿದ್ದ. ಅದು ಕಿವಿಗೆ ಹಿತವಾಗಿತ್ತು. ಅವನ ಕಡೆ ಮುಖ ತಿರುಗಿಸಿಕೊಂಡೇ ಮೂರನೆಯದನ್ನು ಬಿಗಿದ. ಸ್ಪ್ಯಾನರ್ ಎಷ್ಟು ವಾಲಿತ್ತೋ. ಆಗ ಒಂದು ಸದ್ದು ಬಂದಿತ್ತು. ಟಿಕ್. ಹಲ್ಲಿನಲ್ಲಿ ಅಕ್ಕಿಕಾಳು ಕಡಿದಷ್ಟು ಸಣ್ಣದು. ಒಂದು ಕ್ಷಣ ಕೈ ನಿಂತಿತ್ತು. ಸ್ಪ್ಯಾನರಿನದೇ ಇರಬೇಕು ಎಂದು ಮತ್ತೆ ಬಿಗಿದಿದ್ದ. ಸಂಜೆ, ಗಾಡಿಯನ್ನು ತೊಳೆದು ಮನೆಗೆ ಹೊರಡಲು ಅಣ್ಣ ಸ್ಟಾರ್ಟ್ ಮಾಡಿದ. ಐದಾರು ಜನ ಗಿರಾಕಿಗಳು, ಪಕ್ಕದ ಗೂಡಂಗಡಿಯ ಗಡಿಯಾರ ರಿಪೇರಿಯವನು ಸುತ್ತ ಇದ್ದರು. ಇದ್ದಕ್ಕಿದ್ದ ಹಾಗೆ ಅಣ್ಣ ಕೈ ಎತ್ತಿದ. ಅಣ್ಣ ಕೈ ಎತ್ತಿದನೆಂದರೆ ಗ್ಯಾರೇಜಿಗೆ ಗ್ಯಾರೇಜೇ ಸುಮ್ಮನಾಗಬೇಕು, ಕೈ ಕೆಳಗಿಳಿಯುವ ತನಕ ಯಾರೂ ಉಸಿರೆತ್ತಬಾರದು. ಸುತ್ತಿಗೆ ಎತ್ತಿದವರು ಎತ್ತಿದಲ್ಲೇ ಹಿಡಿದುಕೊಳ್ಳುತ್ತಿದ್ದರು. ಅದು ಇಪ್ಪತ್ತು ವರ್ಷದ ರೂಢಿ. ಆ ನಿಶ್ಶಬ್ದದಲ್ಲಿ ಅಣ್ಣ, "ಮೂರನೇದು ಬಿಡ್ತಾ ಇದೆ" ಎಂದ. ಮೂರನೆಯದು ಎಂದ ಕೂಡಲೆ ಅವನಿಗೆ ಬೆಳಗಿನ ಟಿಕ್ ನೆನಪಾಯಿತು. ಅಣ್ಣನ ಕೈ ಇನ್ನೂ ಮೇಲೇ ಇತ್ತು. ಆಗ ಅವನು, ಕಿವಿಗೆ ಹಿತವಾದ ಆ ಮಾತು ಬೆಳಗಿನಿಂದ ತಲೆಯಲ್ಲಿದ್ದವನು, "ಅಣ್ಣಾ, ಮೊದಲು ನಿನ್ನ ಕಿವಿ ಬಿಚ್ಚಿ ಸರ್ವಿಸ್ ಮಾಡಿಸೋಣ" ಎಂದುಬಿಟ್ಟ. ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ಎತ್ತಿದ್ದ ಕೈಯನ್ನು ಎಲ್ಲಿಡುವುದೆಂದು ಗೊತ್ತಾಗದೆ ಒಂದು ಗಳಿಗೆ ಹಾಗೇ ಹಿಡಿದುಕೊಂಡಿದ್ದು, ಕೊನೆಗೆ ಬಟ್ಟೆ ಚಿಂದಿಯಲ್ಲಿ ಒರೆಸಿಕೊಂಡ. ಆ ಕೈಗೆ ಎಣ್ಣೆ ಮೆತ್ತಿರಲಿಲ್ಲ. ಮಾರನೆಯ ದಿನ ಬರಲಿಲ್ಲ, ಆಮೇಲೂ ಬರಲಿಲ್ಲ. ಜಗಳವಾಗಲಿಲ್ಲ, ಒಂದು ಮಾತೂ ಆಡಿಕೊಳ್ಳಲಿಲ್ಲ. ಜಗಳವಾಗಿದ್ದರೆ ರಾಜಿಗೆ ದಾರಿಯಾದರೂ ಇರುತ್ತಿತ್ತು.

ತೊಳೆದ ಗಾಡಿ. ಬಾನೆಟ್ಟಿನ ಅಂಚು ಹಿಡಿದು ನಿಂತಿದ್ದವನಿಗೆ ಅದು ಈಗ, ಒಂದು ವರ್ಷ ತಡವಾಗಿ, ಹೊಳೆಯಿತು. ಆವತ್ತು ಗಾಡಿ ಆಗಷ್ಟೇ ತೊಳೆದದ್ದಾಗಿತ್ತು. ಜಾಲರಿಯ ಮೇಲಿನ ಮಣ್ಣಿನ ಚುಕ್ಕೆಗಳನ್ನು ಮತ್ತೆ ನೋಡಿದ. ಗಿಡಕ್ಕೆ ನೀರು ಹಾಕಿ ಸ್ಟಾರ್ಟ್ ಮಾಡ್ತೀನಲ್ಲ, ಆವಾಗ ಮಾಡುತ್ತೆ, ಇಲ್ಲಿಗೆ ಬರೋ ಹೊತ್ತಿಗೆ ಜಾಣ ಆಗಿಬಿಡುತ್ತೆ ಎಂದು ಅತ್ತಿಗೆ ಹಿಂದೊಮ್ಮೆ ಹೇಳಿದ್ದಳು. ಅವನು ಅದನ್ನು ಹೆಂಗಸಿನ ಮಾತೆಂದು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದ. ಇಕ್ಕಟ್ಟಾದ ಅಂಗಳ, ಗಾಡಿಯ ಮೂತಿಗೇ ತಾಗುವ ಕುಂಡಗಳು, ಪೈಪಿನ ನೀರು ಜಾಲರಿಯೊಳಕ್ಕೆ ಸಿಡಿಯುತ್ತದೆ. ಇಲ್ಲಿಗೆ ಬರುವಷ್ಟರಲ್ಲಿ ಇಂಜಿನ್ನಿನ ಬಿಸಿಗೆ ಎಲ್ಲ ಒಣಗಿರುತ್ತದೆ. ಹೋಗಿ ನೋಡಿದ್ದರೆ ಮೊದಲ ದಿನವೇ ಸಿಗುತ್ತಿತ್ತು. ಈಗಲೂ ನಾಳೆ ಬೆಳಿಗ್ಗೆ ಏಳಕ್ಕೆ ಹೋಗಬಹುದಿತ್ತು, ಆದರೆ ನಾಳೆ ಗುಜರಿಯವನು ಬರುತ್ತಾನೆ. ಅಲ್ಲದೆ, ಹೋಗುವ ಧೈರ್ಯವೂ ಇರಲಿಲ್ಲ. ಬಟ್ಟೆ ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಬಾಟಲಿಯೊಂದು ಗಡಿಯಾರದವನ ಗೂಡಿನಲ್ಲಿತ್ತು, ಬಿಸಿಲಿಗೆ ಅವನು ಮುಖಕ್ಕೆ ಚಿಮುಕಿಸಿಕೊಳ್ಳುತ್ತಿದ್ದ. ಅದನ್ನು ತಂದ. ಇಂಜಿನ್ನು ಓಡುತ್ತಿರುವಂತೆ ಮೊದಲ ಪ್ಲಗ್ಗಿಗೆ ಚಿಮುಕಿಸಿದ, ಏನೂ ಆಗಲಿಲ್ಲ. ಎರಡನೆಯದಕ್ಕೂ ಏನೂ ಆಗಲಿಲ್ಲ. ಮೂರನೆಯದಕ್ಕೆ ಚಿಮುಕಿಸಿ ಬಾಟಲಿ ಇಳಿಸುವ ಮುಂಚೆ ಗಾಡಿ ಎಡವಿತು. ಒಂದು, ಎರಡು, ಖಾಲಿ. ಒಂದು, ಎರಡು, ಖಾಲಿ. ಬೆಳಗಿನ ನಲ್ಲಿಯದು, ಫ್ಯಾನಿನದು, ಹೊಲಿಗೆ ಯಂತ್ರದ್ದು, ಎಲ್ಲವೂ ಇದೇ ಖಾಲಿ.

ಇಂಜಿನ್ ಆರಿಸಿ, ಕೈಯನ್ನು ಸೊಟ್ಟ ಮಾಡಿ ತೂರಿಸಿ ಮೂರನೆಯದನ್ನು ಬಿಚ್ಚಿದ. ಬೆಳಕಿಗೆ ಹಿಡಿದರೆ ಬಿಳಿಯ ಪಿಂಗಾಣಿಯ ಮೇಲೆ, ಸೀಸದ ಕಡ್ಡಿಯಲ್ಲಿ ಎಳೆದಷ್ಟು ತೆಳುವಾಗಿ, ಒಂದು ಕಪ್ಪು ಗೆರೆ. ಕೂದಲೆಳೆಯಷ್ಟು ಬಿರುಕು. ಒಣಗಿದ್ದಾಗ ಕಿಡಿ ಹೋಗಬೇಕಾದಲ್ಲಿಗೇ ಹೋಗುತ್ತದೆ, ತೇವ ತಾಗಿದರೆ ಈ ಬಿರುಕಿನ ದಾರಿ ಹಿಡಿದು ಪೋಲಾಗುತ್ತದೆ. ಸ್ಪ್ಯಾನರ್ ವಾಲಿದ ಗುರುತೂ ಪಕ್ಕದಲ್ಲೇ ಇತ್ತು. ಅವನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ಬಿರುಕಿನ ವಿಷಯ ದೊಡ್ಡದಲ್ಲ, ಯಾರ ಕೈಯಲ್ಲಾದರೂ ಆಗುತ್ತದೆ. ತನಗೆ ಸದ್ದು ಕೇಳಿಸಿತ್ತು. ಸಂಜೆ ಅಣ್ಣ ಮೂರನೆಯದು ಎಂದಾಗ ಅದು ಯಾವ ಸದ್ದಿನ ಮಗು ಎಂದು ತನಗೆ ಗೊತ್ತಿತ್ತು. ಆ ತಮಾಷೆ ತಮಾಷೆಯಾಗಿರಲೇ ಇಲ್ಲ, ಹೆದರಿಕೆಯಾಗಿತ್ತು. ನನ್ನ ಕೈ ಕಾಪಾಡಿಕೊಳ್ಳಲು ಅಣ್ಣನ ಕಿವಿ ತೆಗೆದೆ. ಇಷ್ಟನ್ನು ಪದಗಳಲ್ಲಿ ಅಂದುಕೊಳ್ಳುವುದಕ್ಕೆ ಒಂದು ವರ್ಷ ಹಿಡಿಯಿತಲ್ಲ ಎಂದು ನಾಚಿಕೆಯಾಯಿತು.

ಸಿಕ್ಕಿತೇನೋ ಎಂದು ಗೂಡಿನೊಳಗಿಂದ ಗಡಿಯಾರದವನು ಕೇಳಿದ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಇದ್ದ. ಏನೋ ಕಸ ಕೂತಿತ್ತು ಎಂದುಬಿಟ್ಟರೆ ಮುಗಿಯಿತು. ಹೊಸ ಪ್ಲಗ್ ಹಾಕಿ, ಸಂಜೆ ಅತ್ತಿಗೆಗೆ ಬೀಗದ ಕೈ ಕೊಟ್ಟರೆ ಗಾಡಿ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ. ನಾಲಿಗೆಯ ತುದಿಗೆ ಅದೇ ಬಂದಿತ್ತು. ಆದರೆ ಆವತ್ತು ಎಲ್ಲರಿಗಿಂತ ಜೋರಾಗಿ ನಕ್ಕವನು ಇವನೇ. ಇವನ ಮುಂದಾದರೂ ಹೇಳಬೇಕೆಂದು, ಅಣ್ಣ ಆವತ್ತು ಹೇಳಿದ್ದೇ ನಿಜ, ಮೂರನೆಯದೇ, ಒಡೆದದ್ದು ನಾನೇ ಎಂದ. ಗಡಿಯಾರದವನು ಭೂತಗನ್ನಡಿ ತೆಗೆದು ಅವನನ್ನೇ ನೋಡಿದ.

"ಯಾವತ್ತು?" ಎಂದ.

ಗಡಿಯಾರದವನಿಗೆ ನೆನಪೇ ಇರಲಿಲ್ಲ. ಕಿವಿ ಸರ್ವಿಸ್ ಮಾಡಿಸುವ ಮಾತನ್ನು ಬಿಡಿಸಿ ಹೇಳಿದರೂ ನೆನಪಾಗಲಿಲ್ಲ, ನಾನು ನಕ್ಕಿದ್ನಾ, ಇರಬಹುದು, ದಿನಾ ಏನಾದರೂ ನಗ್ತೀವಲ್ಲ ಎಂದು ಮತ್ತೆ ತನ್ನ ಹಲ್ಲುಚಕ್ರಗಳ ಮೇಲೆ ಬಾಗಿದ. ಒಂದು ವರ್ಷ ಈ ಜನದ ಮುಂದೆ ತಲೆ ಎತ್ತಿಕೊಂಡಿರಲು ತಾನು ಪಟ್ಟ ಪಾಡನ್ನೆಲ್ಲ ಇವರು ನೋಡಿಯೇ ಇರಲಿಲ್ಲ. ಆ ನಗುವನ್ನು ಇಟ್ಟುಕೊಂಡಿದ್ದವರು ಇಬ್ಬರೇ, ಅವನು ಮತ್ತು ಅಣ್ಣ.

ಒಡೆದ ಪ್ಲಗ್ಗನ್ನೇ ಮತ್ತೆ ಹಾಕಿದ. ಹೊಸದನ್ನು ಜೇಬಿನಲ್ಲಿಟ್ಟುಕೊಂಡ. ಸರಿಹೋದ ಗಾಡಿ ಹೊಡೆದುಕೊಂಡು ಹೋದರೆ ಅಲ್ಲಿ ತೋರಿಸುವುದಕ್ಕೆ ಏನೂ ಇರುವುದಿಲ್ಲ, ಬರಿಯ ಬಾಯಿಮಾತಿಗೆ ಅವನ ಬಾಯಿ ಸಾಲದು. ದಾರಿಯಲ್ಲಿ ಗಾಡಿ ಸಮನಾಗಿಯೇ ಓಡಿತು. ಸೇತುವೆ, ಶಾಲೆಯ ಗೋಡೆ, ಆಮೇಲೆ ಒಂದು ವರ್ಷದಿಂದ ತಿರುಗದ ತಿರುವು. ಬೀದಿ ಅಗಲವಾಗಿತ್ತೋ ಕಿರಿದಾಗಿತ್ತೋ, ಏನೋ ಬದಲಾಗಿದೆ ಎನ್ನಿಸಿತು. ನೋಡಿದರೆ ಮನೆಯ ಗೇಟಿಗೆ ಬಣ್ಣ ಹೊಡೆದಿದ್ದರು, ಅಷ್ಟೇ. ಅದನ್ನು ಹೊಡೆದ ದಿನ ತನಗೆ ಯಾರೂ ಹೇಳಲಿಲ್ಲ ಎಂದು ಮಗುವಿನ ಹಾಗೆ ಸಂಕಟವಾಯಿತು. ಅಂಗಳದಲ್ಲಿ ಅತ್ತಿಗೆ ನಲ್ಲಿಯ ಕೆಳಗೆ ಬಕೆಟ್ ಇಟ್ಟು ತುಂಬಲು ಬಿಟ್ಟಿದ್ದಳು. ಅವನನ್ನು ಕಂಡವಳೇ ಒಳಬಾಗಿಲ ಕಡೆ ತಿರುಗಿದಳು. ಅಣ್ಣನ್ನ ಕರೀಬೇಡಿ ಅತ್ತಿಗೆ, ಒಂದು ಚೊಂಬು ನೀರು ಕೊಡಿ ಎಂದ. ಕುಡಿಯಲು ಎಂದು ಅವಳು ಒಳಗೆ ಹೊರಟಾಗ, ಬಕೆಟ್ಟಿನದೇ ಸಾಕು, ಗಾಡಿಗೆ ಎಂದ. ಬಾನೆಟ್ ಎತ್ತಿ, ಓಡುತ್ತಿರುವ ಇಂಜಿನ್ನಿನ ಮೂಲೆಗೆ ಚೊಂಬಿನ ನೀರನ್ನು ಬೆರಳಿನಿಂದ ಚಿಮುಕಿಸಿದ.

ಒಂದು, ಎರಡು, ಖಾಲಿ. ಒಂದು, ಎರಡು, ಖಾಲಿ. ಅಂಗಳದ ಗೋಡೆಗಳ ನಡುವೆ ಆ ಸದ್ದು ಗ್ಯಾರೇಜಿನಲ್ಲಿ ಕೇಳಿಸಿದ್ದಕ್ಕಿಂತ ದೊಡ್ಡದಾಗಿತ್ತು. ಅವನು ಬಾಗಿಲ ಕಡೆ ನೋಡಲಿಲ್ಲ. ಒಳಗೆ ಕುರ್ಚಿ ಸರಿದದ್ದು ಕೇಳಿಸಿತು, ಪೇಪರ್ ಮಡಿಸಿದ್ದು ಕೇಳಿಸಿತು, ಚಪ್ಪಲಿ ಹುಡುಕಿ ಸಿಗದೆ ಬರಿಗಾಲಲ್ಲೇ ಬಂದದ್ದು ಕೇಳಿಸಿತು. ಅಣ್ಣ ಬಾಗಿಲ ಹತ್ತಿರ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತಿದ್ದ. ಕಿವಿಯ ಮೇಲಿನ ಕೂದಲು ಪೂರಾ ಬೆಳ್ಳಗಾಗಿತ್ತು. ಅವನು ಇಂಜಿನ್ ಆರಿಸಿ, ಮೂರನೆಯದನ್ನು ಬಿಚ್ಚಿ, ಕೈ ಸುಡುವ ಬಿಸಿಯಲ್ಲೇ ಬಟ್ಟೆಯಲ್ಲಿ ಸುತ್ತಿ ಅಣ್ಣನ ಮುಂದೆ ಹಿಡಿದ. ಅಣ್ಣ ಅದನ್ನು ತೆಗೆದುಕೊಂಡು ಬೆಳಕಿಗೂ ಹಿಡಿಯದೆ, ಉಗುರಿನಿಂದ ಒಂದು ಸಲ ತಡವಿದ. ಉಗುರು ಬಿರುಕಿನ ಹತ್ತಿರ ನಿಂತಿತು.

"ಆವತ್ತು ಬೆಳಿಗ್ಗೆ ನಾನೇ ಒಡೆದದ್ದು ಅಣ್ಣ" ಎಂದ. "ಟಿಕ್ ಅಂದದ್ದು ನನಗೆ ಕೇಳಿಸಿತ್ತು. ಕೇಳಿಸಿಯೂ ನಿನ್ನ ಕಿವಿ ಮೇಲೆ ಹಾಕಿದೆ."

ನಲ್ಲಿಯ ನೀರು ಬಕೆಟ್ ತುಂಬಿ ಹೊರಗೆ ಚೆಲ್ಲುತ್ತಿತ್ತು. ಅಣ್ಣ ಪ್ಲಗ್ಗನ್ನು ಬಟ್ಟೆಯಲ್ಲಿ ಮತ್ತೆ ಸುತ್ತಿದ. "ಗೊತ್ತು. ಆ ವಾರವೇ ಬಿಚ್ಚಿ ನೋಡಿದ್ದೆ" ಎಂದ.

"ಮತ್ತೆ ಬದಲಾಯಿಸಲಿಲ್ಲ ಯಾಕೆ? ನಿನಗೆ ಐದು ನಿಮಿಷದ ಕೆಲಸ."

"ನೀನೇ ನೋಡಿ ಬರ್ತೀಯ ಅಂತ ಕಳಿಸ್ತಾನೇ ಇದ್ದೆನಲ್ಲೋ" ಎಂದ ಅಣ್ಣ. ಗೇಟಿನ ಕಡೆ ನೋಡಿದ. "ಐದನೇ ಸಲ ಕಳಿಸೋಕೆ ನನ್ನ ಕೈಲಾಗ್ತಿರಲಿಲ್ಲ."

ಅವನಿಗೆ ಅಳು ಬಂತು. ತಡೆದುಕೊಳ್ಳುವ ಗೋಜಿಗೆ ಹೋಗಲಿಲ್ಲ, ಬಾನೆಟ್ಟಿನೊಳಗೆ ತಲೆ ಹಾಕಿಕೊಂಡ. ಹೊಸ ಪ್ಲಗ್ಗನ್ನು ಬೆರಳಿನಲ್ಲಿ ತಿರುಗಿಸಿ ಕೂರಿಸಿ, ಸ್ಪ್ಯಾನರ್ ಇಟ್ಟ. ಪಕ್ಕದಲ್ಲಿ ಅಣ್ಣನ ಅಂಗಿಯ ಸೋಪಿನ ವಾಸನೆ ಬಂತು. ನೆಟ್ಟಗೆ ಹಿಡಿ ಎಂದು ಹೇಳಿ, ಅಷ್ಟಕ್ಕೆ ನಂಬದೆ, ಅಣ್ಣ ಸ್ಪ್ಯಾನರಿನ ತಲೆಯ ಮೇಲೆ ಎರಡು ಬೆರಳಿಟ್ಟುಕೊಂಡ. ಬಿಗಿಯುವ ತನಕ ಬೆರಳು ತೆಗೆಯಲಿಲ್ಲ. ಆಮೇಲೆ ಅವನು ಸೀಟಿನಲ್ಲಿ ಕೂತು ಚೊಂಬಿನಲ್ಲಿ ಉಳಿದಿದ್ದ ನೀರನ್ನು ಅತ್ತಿಗೆಯ ಕೈಯಿಂದ ಆ ಮೂಲೆಗೇ ಹಾಕಿಸಿ, ಸ್ಟಾರ್ಟ್ ಮಾಡಿದ.

ಅಣ್ಣ ಕೈ ಎತ್ತಿದ. ಅತ್ತಿಗೆ ಓಡಿಹೋಗಿ ನಲ್ಲಿ ನಿಲ್ಲಿಸಿದಳು. ಪುಟ್ಟ ಗಾಡಿ ತನ್ನ ಹಳೆಯ ದನಿಯಲ್ಲಿ ಗೊಣಗುತ್ತಿತ್ತು, ಒಂದು, ಎರಡು, ಮೂರು, ಒಂದು, ಎರಡು, ಮೂರು. ಸರಿಹೋಯಿತು ಅಣ್ಣ ಎನ್ನುವ ಮಾತು ಅವನ ಬಾಯಿಗೆ ಬಂದಿತ್ತು. ಅಣ್ಣ ಕಣ್ಣು ಮುಚ್ಚಿ, ತಲೆಯನ್ನು ಒಂದಿಷ್ಟು ವಾಲಿಸಿ ಕೇಳುತ್ತಲೇ ಇದ್ದ. ಆ ಕೈ ಕೆಳಗಿಳಿಯುವ ತನಕ ಅವನು ಬಾಯಿ ಬಿಡಲಿಲ್ಲ.